ಗಾಳಿ ತೂಗಿದ ವರ್ಷ

ಮೊನ್ನೆ ಮೊಮ್ಮಗ ಬಸುವಿನ ಜೊತೆ ಅವನ ಒಣದ್ರಾಕ್ಷಿ ಪರೀಕ್ಷೆಗೆ ಕೊಡಲು ಹೋಗಿದ್ದೆ. ನಾನು ಹೋಗಬೇಕಾಗಿದ್ದದ್ದು ಜಲನಗರದ ಕಣ್ಣಿನ ಡಾಕ್ಟರ ಹತ್ತಿರ. ಆದರೆ ಒಬ್ಬರ ಕಾರಿನಲ್ಲಿ ಕೂತ ಮೇಲೆ ಅವರು ಒಯ್ದ ಕಡೆ ಹೋಗಬೇಕು. ಬಸುವಿನದು ತಿಕೋಟಾದಲ್ಲಿ ದ್ರಾಕ್ಷಿ ತೋಟ. ಹೊರದೇಶಕ್ಕೆ ಕಳಿಸುವ ಮಾಲಿನಲ್ಲಿ ಔಷಧ ಎಷ್ಟು ಉಳಿದಿದೆ ಎಂದು ಯಾರೋ ನೋಡಿ ಹೇಳಬೇಕಂತೆ. ತಾನೇ ಹೊಡೆದ ಔಷಧ ಎಷ್ಟಿದೆ ಎಂದು ಮತ್ತೊಬ್ಬರನ್ನು ಕೇಳಲು ಹೋಗುವುದು ಈಗಿನ ಒಕ್ಕಲುತನ.

ಪರೀಕ್ಷೆಯ ಕೋಣೆ ತಣ್ಣಗಿತ್ತು. ಬಿಳಿ ಕೋಟಿನ ಹುಡುಗಿಯೊಬ್ಬಳು ಕಪಾಟಿನಂಥ ಯಂತ್ರದ ಮುಂದೆ ಕೂತಿದ್ದಳು. ಮೇಜಿನ ಕೆಳಗೆ ಒಂದು ಪಂಪು ಗೊರಗೊರ ಎನ್ನುತ್ತಿತ್ತು. ಬಿಸಿಯಾದ ಪಂಪಿನ ಎಣ್ಣೆಯ ವಾಸನೆ ಮೂಗಿಗೆ ಹತ್ತಿದ ಕೂಡಲೇ ನಾನು ಬಾಗಿಲಲ್ಲೇ ನಿಂತೆ.

“ಅಜ್ಜಿ, ಒಳಗ ಬರ್ರಿ, ಅಂಜಬ್ಯಾಡ್ರಿ. ಇದಕ್ಕ ಮಾಸ್ ಸ್ಪೆಕ್ಟ್ರೋಮೀಟರ್ ಅಂತಾರ,” ಎಂದಳು ಹುಡುಗಿ.

“ಅಂಜಿಕಿ ಯಾಕವ್ವಾ? ಇದರ ಮುತ್ತ್ಯಾನ ಜೋಡಿ ನಾ ಒಂದ ವರ್ಷ ಸಂಸಾರ ಮಾಡೀನಿ,” ಎಂದೆ.

ಆಕೆ ಬಸುವಿನ ಮುಖ ನೋಡಿದಳು. ವಯಸ್ಸಾಗಿದೆ, ಬಿಡಿ ಎನ್ನುವಂತೆ ಅವನು ತಲೆ ಅಲ್ಲಾಡಿಸಿದ. ಅಜ್ಜನ ವಿಚಾರ ಮೊಮ್ಮಕ್ಕಳಿಗೆ ಯಾರೂ ಹೇಳಿಲ್ಲ. ಹೇಳಬೇಕಾದವಳು ನಾನೇ. ಅವರು ಕೇಳಲಿಲ್ಲ, ನನಗೂ ಪುರುಸೊತ್ತು ಇರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ನನ್ನ ಮದುವೆಯಾಯಿತು. ತವರು ನಿಡೋಣಿ. ಕೊಟ್ಟದ್ದು ವಿಜಾಪುರಕ್ಕೆ, ವಿಜಯಪುರ ಎಂದು ಕರೆಯಲು ನನ್ನ ನಾಲಿಗೆ ಇನ್ನೂ ಪೂರಾ ಹೊರಳಿಲ್ಲ. ಈಗ ಗಾಂಧಿ ಚೌಕ ಎನ್ನುವ ಪೇಟೆಯ ಹಿಂದಿನ ಓಣಿಯಲ್ಲಿ ಮನೆ, ಮುಂದೆ ಮಾವನ ಕಾಳು ಮತ್ತು ಎಣ್ಣೆಯ ಅಡತಿ ಅಂಗಡಿ. ಹೆಣ್ಣು ನೋಡಲು ಬಂದಾಗ ಹುಡುಗ ಏನು ಮಾಡುತ್ತಾನೆ ಎಂದು ನಮ್ಮಪ್ಪ ಕೇಳಿದ್ದರು. “ತೂಕದ ಕೆಲಸ” ಎಂದಿದ್ದರು ಮಾವ. ಅಂಗಡಿಯಲ್ಲಿ ಕೂಡುತ್ತಾನೆ ಎಂದು ನಮ್ಮಪ್ಪ ಸಮಾಧಾನಪಟ್ಟರು. ಮಾವ ಸುಳ್ಳು ಹೇಳಿರಲಿಲ್ಲ. ಏನನ್ನು ತೂಗುತ್ತಾನೆ ಎಂದು ಮಾತ್ರ ಹೇಳಿರಲಿಲ್ಲ.

ನನ್ನ ಗಂಡನ ಹೆಸರು ಶಿವಪುತ್ರಪ್ಪ. ಆಗ ಹೆಸರು ಹಿಡಿದು ಕರೆಯುವಂತಿರಲಿಲ್ಲ, ಈಗ ಕರೆದರೆ ಓ ಎನ್ನಲು ಅವರಿಲ್ಲ. ಪುಣೆಯಲ್ಲಿ ವಿಜ್ಞಾನ ಓದಿ ಬಂದಿದ್ದರು. ಬರುವಾಗ ಮಿಲಿಟರಿಯವರು ಹರಾಜಿಗೆ ಹಾಕಿದ ಹಳೆಯ ಸಾಮಾನು ತಂದಿದ್ದರು: ಒಂದು ಪಂಪು, ತಾಮ್ರದ ತಂತಿಯ ಉಂಡೆಗಳು, ಮುಳ್ಳು ಅಲ್ಲಾಡುವ ಗಡಿಯಾರದಂಥ ಡಬ್ಬಿಗಳು, ಮಗುವಿನ ತೊಟ್ಟಿಲಿಗಿಂತ ಭಾರದ ಕಬ್ಬಿಣ. ಇವನ್ನೆಲ್ಲ ಜೋಡಿಸಲು ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವಂಥ ಕೋಣೆ ಒಂದೇ ಇತ್ತು. ಅದೇ ನಮಗೆ ಎಂದು ಕೊಟ್ಟ ಕೋಣೆ.

ಒಳಗೆ ಕಾಲಿಟ್ಟ ಮೊದಲ ಸಂಜೆ ನಾನು ಮಂಚ ಹುಡುಕಿದೆ. ಮಂಚ ಇರಬೇಕಾದ ಜಾಗದಲ್ಲಿ ಮೇಜು. ಮೇಜಿನ ಮೇಲೆ ಬಾಗಿದ ಗಾಜಿನ ಕೊಳವೆ, ಅದರ ನಡುವಿಗೆ ಕಬ್ಬಿಣದ ಲೋಹಚುಂಬಕ ಎಂದರೆ ಅಯಸ್ಕಾಂತ, ಕೆಳಗೆ ಪಂಪು. ನನ್ನ ಗಂಡ ನಾಚಿಕೊಂಡು, “ಅದರ ಹತ್ತಿರ ಸೆರಗ ಜೋಪಾನ,” ಎಂದರು. ನವವಧುವಿಗೆ ಗಂಡ ಆಡಿದ ಮೊದಲ ಮಾತು ಅದು. ನಾನು ಹಾಸಿಗೆ ಸುತ್ತಿಕೊಂಡು ಪಡಸಾಲೆಯಲ್ಲಿ ಅತ್ತೆಯ ಪಕ್ಕ ಮಲಗಿದೆ. ವರ್ಷವೆಲ್ಲ ಹೆಚ್ಚುಕಡಿಮೆ ಹಾಗೇ ನಡೆಯಿತು. ಅತ್ತೆಯ ಗೊರಕೆ ಮತ್ತು ಪಂಪಿನ ಗೊರಕೆ ಎರಡೂ ಒಂದೇ ಜಾತಿಯವು. ಪಂಪನ್ನು ಬಂದ್ ಮಾಡಬಹುದಿತ್ತು.

ಓಣಿಯ ಹೆಂಗಸರು ನೀರಿಗೆ ಬಂದಾಗ ನನ್ನ ಹೊಟ್ಟೆ ನೋಡುತ್ತಿದ್ದರು. ಅತ್ತೆ ಅವರಿಗೆ ನೆಟ್ಟಗೆ ಹೇಳುತ್ತಿದ್ದರು: “ಇಕಿನ್ನ ಯಾಕ ನೋಡತೀರಿ? ಕೋಣ್ಯಾಗ ಸವತಿ ಕುಂತಾಳ. ಅಕಿನ್ನ ಕೇಳ್ರಿ.”

ಇದು ಏನು ಎಂದು ಒಂದು ದಿನ ಗಂಡನನ್ನೇ ಕೇಳಿದೆ. ಅವರಿಗೆ ಅದೊಂದು ಪ್ರಶ್ನೆ ಕೇಳಿದರೆ ಸಾಕು, ಊಟ ಮರೆಯುತ್ತಿದ್ದರು.

“ಪ್ಯಾಟಿ ಮೂಲ್ಯಾಗ ಚಕ್ಕಡಿ ತಿರಗೂದು ನೋಡಿಯಲ್ಲ? ಎತ್ತು ಒಂದ ಓಟದಾಗ ಬಂದ್ರ ಖಾಲಿ ಚಕ್ಕಡಿ ಗಪ್ಪನ ತಿರಗತೈತಿ. ಹೇರಿದ ಚಕ್ಕಡಿ ಅಗಲ ತಿರಗತೈತಿ, ಎದರಿನ ಅಂಗಡಿ ಕಟ್ಟಿಗಿ ಬಡೀತೈತಿ. ತಿರಗೂದು ನೋಡಿನ ಹೇರು ಎಷ್ಟೈತಿ ಅಂತ ಹೇಳಬಹುದು.”

“ಹೌದ್ರಿ.”

“ಇದರಾಗ ಚಕ್ಕಡಿ ಅಂದ್ರ ಹವಾದ ಕಣ. ಕಣ್ಣಿಗಿ ಕಾಣೂದಿಲ್ಲ. ವಿದ್ಯುತ್ತಿನಿಂದ ಓಡಸ್ತೀನಿ. ಲೋಹಚುಂಬಕ ಅಂದ್ರ ಪ್ಯಾಟಿ ಮೂಲಿ. ಹಗರಂದು ಬ್ಯಾರೆ ತಿರಗತೈತಿ, ವಜ್ಜಂದು ಬ್ಯಾರೆ ತಿರಗತೈತಿ. ಆ ಹಿಡಿಕಿ ತಿರುವಿಕೋತ ಹೋದ್ರ ಒಂದೊಂದ ತೂಕಕ್ಕ ಮುಳ್ಳು ಏಳತೈತಿ.”

“ಪಂಪು ಯಾಕ?”

“ದಾರ್ಯಾಗ ಸಂತಿ ನೆರದಿದ್ರ ಚಕ್ಕಡಿ ಓಡತೈತೇನು? ಕೊಳವ್ಯಾಗಿನ ಹವಾ ಎಲ್ಲಾ ಹೊರಗ ತಗದ್ರ ದಾರಿ ಖಾಲಿ.”

“ಹಂಗಾದ್ರ ಹವಾ ತೂಗಾಕ ಮೊದಲ ಹವಾ ಹೊರಗ ಹಾಕತೀರಿ.”

ಅವರು ನನ್ನ ಕಡೆ ತಿರುಗಿ, “ಹಂಗಾ ಅನ್ನು,” ಎಂದರು.

ಹವಾ ಹೊರಗೆ ಹಾಕುವುದೇ ಆ ವರ್ಷದ ದೊಡ್ಡ ಜಗಳ. ಪಂಪು ಎಳೆದಷ್ಟೂ ಎಲ್ಲಿಂದಲೋ ಒಳಗೆ ನುಸುಳುತ್ತಿತ್ತು. ಕೀಲುಗಳಿಗೆ ಬಳೆಗಾರರ ಓಣಿಯಿಂದ ಅರಗು ತಂದು ಮೆತ್ತಿದರು. ಬೇಸಿಗೆಗೆ ಅರಗು ಮೆತ್ತಗಾಗಿ ಇಳಿಯಿತು. ವಿಜಾಪುರದ ಬೇಸಿಗೆಗೆ ಮನುಷ್ಯರೇ ಇಳಿದು ಹೋಗುತ್ತಾರೆ, ಅರಗು ಯಾವ ಲೆಕ್ಕ. ಆಮೇಲೆ ಸೀಸದ ತಂತಿಯನ್ನು ಬಳೆಯಂತೆ ಬಾಗಿಸಿ, ಎರಡು ಹಿತ್ತಾಳೆ ಬಿಲ್ಲೆಗಳ ನಡುವೆ ಇಟ್ಟು ತಿರುಪು ಬಿಗಿದರು. ಸೀಸ ಚಪ್ಪಟೆಯಾಗಿ ಸಂದಿಯೆಲ್ಲ ತುಂಬಿಕೊಂಡಿತು. ಆ ದಿನ ಅವರು ಓಡಿ ಬಂದು ರೊಟ್ಟಿ ಬಡಿಯುತ್ತಿದ್ದ ನನ್ನನ್ನು ಎಳೆದುಕೊಂಡು ಹೋಗಿ, ಹವಾ ನುಸುಳುವುದು ನಿಂತಿತು ಎಂದು ಸುಮ್ಮನೆ ನಿಂತ ಒಂದು ಮುಳ್ಳು ತೋರಿಸಿದರು. ಹಂಚಿನ ಮೇಲೆ ರೊಟ್ಟಿ ಸೀದಿತು.

ಎಲ್ಲಿ ಸೋರುತ್ತದೆ ಎಂದು ಹುಡುಕಲು ಸ್ಪಿರಿಟ್ಟಿನಲ್ಲಿ ಅದ್ದಿದ ಅರಿವೆಯಿಂದ ಕೀಲುಗಳನ್ನು ಒರೆಸುತ್ತಿದ್ದರು. ಸೋರುವ ಕಡೆ ಅದರ ವಾಸನೆ ಒಳಗೆ ಹೋಗಿ ಮುಳ್ಳು ಜಿಗಿಯುತ್ತಿತ್ತಂತೆ. ಒಳಗೆ ಹೋದದ್ದು ಎಷ್ಟೋ, ಓಣಿಗೆ ಹರಡಿದ್ದೇ ಹೆಚ್ಚು. ಬಾಗಿಲು ಹಾಕಿದ ಕೋಣೆ, ಗೊರಗೊರ ಸದ್ದು, ಸ್ಪಿರಿಟ್ಟಿನ ವಾಸನೆ. ಶಿವಭಕ್ತರ ಮನೆಯಲ್ಲಿ ಮಗ ಭಟ್ಟಿ ಇಟ್ಟಿದ್ದಾನೆ ಎಂದು ಮೊದಲು ಹೇಳಿದವನು ಪಕ್ಕದ ಅಂಗಡಿಯ ಸಿದ್ರಾಮಪ್ಪ. ಅವನದೂ ಎಣ್ಣೆ ವ್ಯಾಪಾರ. ಅವನ ಶೇಂಗಾ ಎಣ್ಣೆಯಲ್ಲಿ ಶೇಂಗಾ ಎಷ್ಟು, ಹತ್ತಿಕಾಳು ಎಷ್ಟು ಎನ್ನುವುದು ಅವನಿಗೂ ದೇವರಿಗೂ ಬಿಟ್ಟ ವಿಷಯ.

“ಸಾವಕಾರ್ರ, ಮಗಾ ಮನ್ಯಾಗ ಏನ ಕಾಸಾಕತ್ತಾನ? ನಮಗೂ ಒಂದ ಬಾಟ್ಲಿ ಕಳಸ್ರಿ,” ಎಂದು ಅವನು ಪೇಟೆಯೆಲ್ಲ ಕೇಳುವಂತೆ ಕೂಗಿದ.

ಮಾವ ಅವತ್ತು ನೇರ ಕೋಣೆಗೆ ಬಂದರು. ಕೈಯಲ್ಲಿ ಅಂಗಡಿಯ ಕಬ್ಬಿಣದ ತೂಕದ ಕಲ್ಲು.

“ಶಿವಪುತ್ರಾ, ಇದು ತೂಕದ ಯಂತ್ರ ಹೌದಲ್ಲೋ?”

“ಹೌದಪ್ಪಾ.”

“ತಕ್ಕಡಿ ಎಲ್ಲೈತಿ?”

“ಇದಕ್ಕ ತಕ್ಕಡಿ ಇರೂದಿಲ್ಲ.”

“ತಕ್ಕಡಿ ಇಲ್ಲದ ತೂಗಿದ್ರ ನಮ್ಮ ಪ್ಯಾಟ್ಯಾಗ ಅದಕ್ಕ ಬ್ಯಾರೆ ಹೆಸರೈತಿ. ಇರ್ಲಿ. ಈ ಕಲ್ಲ ಎಷ್ಟೈತಿ ಹೇಳಸು.” ಎಂದವರೇ ಕಲ್ಲನ್ನು ಮೇಜಿನ ಮೇಲಿಡಲು ಕೈ ಚಾಚಿದರು. ಲೋಹಚುಂಬಕಕ್ಕೆ ಆಗ ಕರೆಂಟು ಕೊಟ್ಟಿದ್ದರು. ಕಲ್ಲು ಮಾವನ ಕೈಯಿಂದ ಹಾರಿ ಠಣ್ ಎಂದು ಅಂಟಿಕೊಂಡಿತು. ಮಾವ ಎಳೆದರು, ಬರಲಿಲ್ಲ. ಹಮಾಲನನ್ನು ಕರೆದು ಇಬ್ಬರೂ ಎಳೆದರು.

“ಮಂದೀದು ತೂಕ ಹೇಳೂದ ಬಿಡು, ಇದು ತೂಕದ ಕಲ್ಲಾ ಕಸಗೊಳ್ಳತೈತಿ!” ಎಂದು ಕೂಗಿದರು ಮಾವ. ಗಂಡ ಗುಂಡಿ ಒತ್ತಿ ಕರೆಂಟು ನಿಲ್ಲಿಸಿದ ಕೂಡಲೇ ಕಲ್ಲು ಹಮಾಲನ ಕಾಲಿನ ಪಕ್ಕ ಬಿತ್ತು. ಅವನು ಆಮೇಲೆ ನಮ್ಮ ಪಡಸಾಲೆಗೆ ಕಾಲಿಡಲಿಲ್ಲ.

ಅವತ್ತೇ ಮಾವ ತೀರ್ಪು ಕೊಟ್ಟರು. ಗಂಡನಿಗೆ ಕಲಿಸಿದ ಪುಣೆಯ ಪ್ರೊಫೆಸರ ಸಾಹೇಬರು ದಸರೆಯ ರಜೆಯಲ್ಲಿ ಗೋಲಗುಮ್ಮಟ ನೋಡಲು ಬರುವವರಿದ್ದರು. ಆಗ ಯಂತ್ರವನ್ನೂ ನೋಡುವುದಾಗಿ ಹೇಳಿದ್ದರು. “ಸಾಹೇಬ್ರು ನೋಡಿ ಹೌದು ಅಂದ್ರ ಅವರ ಪ್ರಯೋಗಶಾಲಿಗೆ ಹೋಗು, ಬ್ಯಾಡ ಅನ್ನೂದಿಲ್ಲ. ಇಲ್ಲ ಅಂದ್ರ, ಬನ್ನಿ ಮುಡದ ಮರದಿನಾ ಯಂತ್ರ ಗುಜರಿಗೆ, ನೀ ಗಾದಿಗೆ.”

ಗಂಡ ಹೂಂ ಎಂದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಹೇಗಾದರೂ ದಸರೆಗೆ ಕೋಣೆ ಖಾಲಿಯಾಗುತ್ತದೆ ಎನ್ನುವುದಷ್ಟೇ ನನಗೆ ತಿಳಿದದ್ದು. ಅವರಿಗೆ ಅಂಗಡಿಯ ಗಾದಿ ಎಂದರೆ ಏನು ಎಂದು ನನಗೆ ತಿಳಿದದ್ದು ಆಮೇಲೆ, ಶ್ರಾವಣದಲ್ಲಿ ಮಾವ ಬಬಲೇಶ್ವರದ ಬೀಗರ ಮನೆಗೆ ಹೋದಾಗ. ಅಂಗಡಿಯಲ್ಲಿ ಮಗನನ್ನು ಕೂರಿಸಿ ಹೋಗಿದ್ದರು. ಗಿರಾಕಿಯೊಬ್ಬ ಎಣ್ಣೆ ಕೇಳಿದರೆ ಇವರು ಎಣ್ಣೆ ಕೊಟ್ಟು, ಅದು ಉಷ್ಣದಲ್ಲಿ ಹಿಗ್ಗುವುದರಿಂದ ಅಳತೆ ಸರಿಯಿಲ್ಲ ಎಂದು ವಿವರಿಸಿ, ಇನ್ನಷ್ಟು ಸುರಿದು ಕಳಿಸಿದರು. ಸುದ್ದಿ ಹಬ್ಬಿ ಸಂಜೆಗೆ ಓಣಿಯ ಮಂದಿಯೆಲ್ಲ ಎಣ್ಣೆ ಒಯ್ಯಲು ಬಂದಿದ್ದರು. ಇವರನ್ನು ಗಾದಿಯ ಮೇಲೆ ಕೂರಿಸಿದರೆ ಅಂಗಡಿಯೂ ಉಳಿಯುವುದಿಲ್ಲ, ಇವರೂ ಉಳಿಯುವುದಿಲ್ಲ ಎಂದು ನನಗೆ ಅವತ್ತೇ ಖಾತ್ರಿಯಾಯಿತು.

ಅಷ್ಟಮಿಯ ಸಂಜೆ ತಂತಿ ಬಂತು. ಸಾಹೇಬರು ಮರುದಿನ ಬೆಳಗಿನ ಗಾಡಿಗೆ ಬಂದು ಸಂಜೆಯ ಗಾಡಿಗೆ ಹೋಗುವವರು. ಮರುದಿನ ಎಂದರೆ ಮಹಾನವಮಿ, ಖಂಡೆ ಪೂಜೆಯ, ಎಂದರೆ ಆಯುಧ ಪೂಜೆಯ ದಿನ. ನಮ್ಮಲ್ಲಿ ಅವತ್ತು ಮನೆಯ ಹತಾರಗಳೆಲ್ಲ ಪೂಜೆಗೆ ಕೂಡುತ್ತವೆ. ಕೂತ ಮೇಲೆ ಮರುದಿನ ಬನ್ನಿ ಮುಡಿಯುವ ತನಕ ಮನೆಯವರು ಮುಟ್ಟುವಂತಿಲ್ಲ. ಗಂಡ ಅತ್ತೆಗೆ ಕೈಮುಗಿದು, ಯಂತ್ರದ ತಂಟೆಗೆ ಹೋಗಬ್ಯಾಡ ಎಂದು ಹೇಳಿದರು. ಅತ್ತೆ ಹೂಂ ಎಂದರು. ಅತ್ತೆಯ ಹೂಂ ಎಂದರೆ ಕೇಳಿಸಿತು ಎಂದಷ್ಟೇ ಅರ್ಥ.

ಬೆಳಿಗ್ಗೆ ಗಂಡ ಸ್ಟೇಶನ್ನಿಗೆ ಹೋದರು. ಸಾಹೇಬರನ್ನು ಕರೆದುಕೊಂಡು ಬರುವಷ್ಟರಲ್ಲಿ ಯಂತ್ರ ಮದುಮಗನಾಗಿತ್ತು. ಲೋಹಚುಂಬಕಕ್ಕೆ ವಿಭೂತಿಯ ಪಟ್ಟಿ, ಗಾಜಿನ ಕೊಳವೆಗೆ ಕುಂಕುಮ, ಪಂಪಿಗೆ ಚೆಂಡು ಹೂವಿನ ಮಾಲೆ, ಮುಂದೆ ಒಡೆದ ಕಾಯಿ.

ಸಾಹೇಬರು ಎತ್ತರದ ಆಳು, ಕೋಟು ಟೊಪ್ಪಿಗೆ. ಪರದೇಶದಲ್ಲಿ ಓದಿದವರು, ಎದುರಿಗೆ ಸಿಕ್ಕವರ ಕೈ ಹಿಡಿದು ಕುಲುಕುವ ಚಟ. ತಾಯಿಯ ಕಡೆ ಧಾರವಾಡದವರಾದ್ದರಿಂದ ಕನ್ನಡ ಬರುತ್ತಿತ್ತು, ಪುಸ್ತಕದ ಕನ್ನಡ. ಕೋಣೆಯ ಬಾಗಿಲಲ್ಲಿ ನಿಂತು, “ಬಹಳ ಸುಂದರವಾಗಿದೆ,” ಎಂದರು. ಅವರ ಹಿಂದೆ ನನ್ನ ಗಂಡನ ಮುಖ ವಿಭೂತಿಗಿಂತ ಬೆಳ್ಳಗಾಗಿತ್ತು.

“ಯವ್ವಾ, ಏನ ಮಾಡೀದಿ ಬೇ?”

“ಪೂಜಿ ಮಾಡೀನಿ. ನಿಮ್ಮಪ್ಪನ ತಕ್ಕಡಿಗಿ ಮಾಡೀನಿ, ಈಳಿಗಿಗಿ ಮಾಡೀನಿ, ಚಕ್ಕಡಿಗಿ ಮಾಡೀನಿ. ಇದೊಂದು ಏನ ಪಾಪ ಮಾಡಿತ್ತು? ವರ್ಷಗಟ್ಟಲೆ ಮನ್ಯಾಗ ಅನ್ನಾ ತಿಂದೈತಿ.”

“ಸಾಹೇಬ್ರಿಗೆ ಈಗ ನಡಿಸಿ ತೋರಸಬೇಕಲ್ಲ!”

“ಈಗ ಹ್ಯಾಂಗ ಮುಟ್ಟತಿ? ನಾಳೆ ಬನ್ನಿ ಮುಡದ ಮ್ಯಾಲ ತೋರಸು.”

“ನಾಳಿಗಿ ಅವರು ಇರೂದಿಲ್ಲ!”

ಮಾವ ಗಂಭೀರವಾಗಿ ಹೇಳಿದರು: “ನಾ ನನ್ನ ತಕ್ಕಡಿ ಮುಟ್ಟೀನೇನು? ಇಡೀ ಪ್ಯಾಟೀನ ಬಂದ್ ಐತಿ. ನಿಂದೇನ ಹೆಚ್ಚಿಂದಲ್ಲ.”

ಗಂಡ ಹೊಸ್ತಿಲ ಮೇಲೆ ನಿಂತುಬಿಟ್ಟರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ನಾನು ಹಿಂದಿನಿಂದ ನೋಡಿದೆ; ಒಂದು ಕೈ ಇನ್ನೊಂದನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತು ಎಂದರೆ ಬೆರಳು ಕೆಂಪಗಾಗಿದ್ದವು. ಯಂತ್ರ ಗೆಲ್ಲಲಿ ಎಂದು ನಾನು ಮೊದಲ ಸಲ ಬೇಡಿಕೊಂಡದ್ದು ಆಗ. ಯಾವ ದೇವರಿಗೆ ಬೇಡಿಕೊಳ್ಳಬೇಕೋ ತಿಳಿಯದೆ ಎದುರಿಗೆ ಪೂಜೆಗೆ ಕೂತ ಪಂಪಿಗೇ ಬೇಡಿಕೊಂಡೆ.

ಸಾಹೇಬರು ಗಡ್ಡ ತುರಿಸಿಕೊಂಡು ಅತ್ತೆಯನ್ನು ಕೇಳಿದರು: “ತಾಯಿ, ಮನೆಯವರು ಮುಟ್ಟಬಾರದು. ಹೊರಗಿನವನು ಮುಟ್ಟಬಹುದೇ?”

ಅತ್ತೆ ಇದನ್ನು ಯೋಚಿಸಿರಲಿಲ್ಲ. ಮಾವನ ಮುಖ ನೋಡಿದರು, ಮಾವ ಮೇಲಿನ ಜಂತಿ ನೋಡಿದರು. ಕೊನೆಗೆ ಅತ್ತೆಯೇ, “ಹೊರಗಿನವ್ರು ಮುಟ್ಟಿದ್ರ ನಮಗೇನ ದೋಷ ಇಲ್ಲ. ಆದ್ರ ಬೂಟ ಹೊರಗ ಬಿಡ್ರಿ,” ಎಂದರು.

ಸಾಹೇಬರು ಬೂಟು ಬಿಚ್ಚಿ ಒಳಗೆ ಹೋದರು. ಗಂಡ ಹೊಸ್ತಿಲ ಮೇಲಿಂದ ಹೇಳುವುದು, ಅವರು ಮಾಡುವುದು.

“ಎಡಗಡೆ ದೊಡ್ಡ ಗುಂಡಿ ಒತ್ರಿ ಸರ್.”

“ಕುಂಕುಮ ಅಳಸಬ್ಯಾಡ್ರಿ!” ಎನ್ನುವುದು ಅತ್ತೆ.

“ಮಾಲೆ ಪಂಪಿಗೆ ಸಿಗದಾಂಗ ನೋಡ್ರಿ ಸರ್.”

“ಮಾಲಿ ತಗೀಬ್ಯಾಡ್ರಿ!”

ಪಂಪು ಗೊರಗೊರ ಎಂದಿತು. ಹವಾ ಪೂರಾ ಹೊರಗೆ ಹೋಗಲು ಹೊತ್ತು ಬೇಕು. ಅಷ್ಟರಲ್ಲಿ ಸಾಹೇಬರು ಟಾಂಗಾ ಹತ್ತಿ ಗೋಲಗುಮ್ಮಟ ನೋಡಿ ಬಂದರು. ನಮ್ಮಲ್ಲಿ ಹೋಳಿಗೆ ಊಟ ಮಾಡಿದರು. ಗಂಡ ಮಾತ್ರ ಹೊಸ್ತಿಲು ಬಿಡಲಿಲ್ಲ, ತುತ್ತು ಮುಟ್ಟಲಿಲ್ಲ.

ಮಧ್ಯಾಹ್ನದ ಮೇಲೆ ಸಾಹೇಬರು ಯಂತ್ರದ ಮುಂದೆ ಕೂತು ಹಿಡಿಕೆ ತಿರುವತೊಡಗಿದರು. ಮುಳ್ಳು ಎದ್ದಿತು, ಬಿದ್ದಿತು. ಮತ್ತೊಂದು ಕಡೆ ಎದ್ದಿತು. “ಇದು ನೀರಿನ ಹಬೆ. ಇವು ಗಾಳಿಯಲ್ಲಿರುವ ಎರಡು ಮುಖ್ಯ ಅನಿಲಗಳು,” ಎಂದು ತಲೆದೂಗಿದರು. ಗಂಡನ ಬಿಗಿದ ಭುಜ ಸಡಿಲವಾಯಿತು. ಸಾಹೇಬರು ಹಿಡಿಕೆಯನ್ನು ಇನ್ನೂ ಮುಂದಕ್ಕೆ ತಿರುವಿದರು. ಅಲ್ಲಿ ಮುಳ್ಳು ಮಲಗಿರಬೇಕಂತೆ. ಮಲಗಲಿಲ್ಲ. ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ, ಮೆಟ್ಟಿಲು ಹತ್ತಿದಂತೆ.

ಸಾಹೇಬರ ಮುಖ ಸಣ್ಣದಾಯಿತು. “ಇಷ್ಟು ಭಾರದ್ದು ಗಾಳಿಯಲ್ಲಿ ಇರಲು ಸಾಧ್ಯವಿಲ್ಲ. ನಿಮ್ಮ ಯಂತ್ರ ಇಲ್ಲದ್ದನ್ನು ತೋರಿಸುತ್ತಿದೆ, ಶಿವಪುತ್ರ.”

“ಇಲ್ಲದ್ದನ್ನ ತೋರಸೂವು ನಮ್ಮ ಪ್ಯಾಟ್ಯಾಗ ಬೇಕಾದಷ್ಟು ಅದಾವು. ಅದಕ್ಕ ಪುಣೇಕ ಹೋಗೂದು ಬ್ಯಾಡ,” ಎಂದರು ಮಾವ. ಸುದ್ದಿ ಕೇಳಿ ಬಂದು ನಮ್ಮ ಕಟ್ಟೆಯ ಮೇಲೆ ಕೂತಿದ್ದ ಸಿದ್ರಾಮಪ್ಪ ಕಿಟಕಿಯಿಂದ ಇಣುಕಿ ಕಿಸಕ್ಕೆಂದ.

ಗಂಡ ಹೊಸ್ತಿಲ ಮೇಲೆ ಕೂತರು. “ಇನ್ನೊಮ್ಮಿ ಮೊದಲಿಂದ ತಿರುವ್ರಿ ಸರ್. ಎಲ್ಲೆಲ್ಲಿ ಏಳತೈತಿ ಓದಿ ಹೇಳ್ರಿ.” ಸಾಹೇಬರು ಓದಿದರು. ಇವರು ಕಣ್ಣು ಮುಚ್ಚಿ ಕೇಳಿದರು. ಯಂತ್ರದ ಜೊತೆ ವರ್ಷವೆಲ್ಲ ಇದ್ದವರು. ಅದರ ಕೆಮ್ಮು ಯಾವುದು, ಸೀನು ಯಾವುದು ಅವರಿಗೆ ಗೊತ್ತು.

“ಸರ್, ಇದು ಎಣ್ಣಿ. ಪಂಪಿನಿಂದ ಹಿಂದಕ್ಕ ಹತ್ತಿ ಬಂದೈತಿ. ಆದ್ರ ನಾ ಹಾಕಿದ ಎಣ್ಣಿ ಅಲ್ಲ. ಅದರ ಗುರುತು ನಂಗ ಗೊತ್ತೈತಿ, ಅದು ಹಿಂಗ ಏಳೂದಿಲ್ಲ. ಇದು ಯಾವುದೋ ಕಾಳಿನ ಎಣ್ಣಿ. ಯಾರೋ ಹಾಕ್ಯಾರ.”

ಮಾವ ಅತ್ತೆಯ ಕಡೆ ನೋಡಿದರು. ನಾನೂ ನೋಡಿದೆ. ಪ್ರೊಫೆಸರ ಸಾಹೇಬರೂ ನೋಡಿದರು.

“ಏನ ನೋಡತೀರಿ ಎಲ್ಲಾರೂ?” ಎಂದರು ಅತ್ತೆ. “ನಾನ ಹಾಕೀನಿ. ಅಂವಾ ಹಾಕ್ಕೊಂಡಿದ್ದು ಕರ್ರಗ ಡಾಂಬರಿನಾಂಗ ಆಗಿತ್ತು. ಹಬ್ಬದ ದಿನಾ ಎಲ್ಲಾರೂ ಎಣ್ಣಿ ಎರಕೊಂಡಿರತಾರ, ಅದೊಂದಕ್ಕ ಹಳೇ ಎಣ್ಣಿ ಇರಬೇಕೇನು? ಕುಸುಬಿ ಎಣ್ಣಿ ಹಾಕೀನಿ. ಹೊಸಾದು, ಗಾಣದ್ದು.”

ಸಾಹೇಬರು ಬಗ್ಗಿ ಪಂಪಿನ ಹತ್ತಿರ ಮೂಗು ತಂದರು. ಆಮೇಲೆ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆಯೇ ಕೂತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಗೆ ನಿಂತ ಮೇಲೆ ಹೇಳಿದರು: “ಇದನ್ನು ಇವನೇ ನಡೆಸಿ ತೋರಿಸಿದ್ದರೆ ನಾನು ಅರ್ಧ ನಂಬುತ್ತಿದ್ದೆ. ನಡೆಸಿದವನು ನಾನು. ಇವನು ಹೊಸ್ತಿಲು ದಾಟಿಲ್ಲ. ಎಣ್ಣೆ ಹಾಕಿದ್ದು ಇವನಿಗೆ ಗೊತ್ತಿಲ್ಲ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಪುಣೆಯಲ್ಲಿ ನನಗೂ ಹೊಳೆಯುತ್ತಿರಲಿಲ್ಲ. ಯಜಮಾನರೇ, ಹುಡುಗನನ್ನೂ ಯಂತ್ರವನ್ನೂ ನಾನು ಕೇಳುತ್ತೇನೆ.”

ಇಲ್ಲಿಗೆ ಮುಗಿಯಬೇಕಿತ್ತು. ಮಾವ ಕೊಟ್ಟ ಮಾತಿನಂತೆ ಹೋಗು ಎನ್ನಬೇಕಿತ್ತು. ಆದರೆ ಮಾವ ಯಂತ್ರವನ್ನು ಅವತ್ತು ಮೊದಲ ಸಲ ನೋಡುತ್ತಿರುವವರಂತೆ ನೋಡುತ್ತಿದ್ದರು.

“ಸಾಹೇಬ್ರ, ಒಂದ ಮಾತು. ಶೇಂಗಾ ಎಣ್ಯಾಗ ಯಾವನರೆ ಹತ್ತಿಕಾಳಿನ ಎಣ್ಣಿ ಕಲಸಿದ್ರ ಇದು ಹೇಳತೈತೇನು?”

“ಈಗಲೇ ಇಲ್ಲ. ಕೆಲಸ ಬಹಳ ಇದೆ. ಮುಂದೆ ಹೇಳಬಹುದು.”

ಕಿಟಕಿಯ ಹೊರಗೆ ಸಿದ್ರಾಮಪ್ಪನ ನಗೆ ನಿಂತಿತು.

“ಹಂಗಾದ್ರ ಯಂತ್ರ ಎಲ್ಲೂ ಹೋಗೂದಿಲ್ಲ. ಹುಡಗನೂ ಹೋಗೂದಿಲ್ಲ. ಅಂಗಡ್ಯಾಗ ಇಡೂನು,” ಎಂದರು ಮಾವ.

ಗಂಡ ಎದ್ದು ನಿಂತರು. “ಅಪ್ಪಾ, ಸಾಹೇಬ್ರು ಹೌದು ಅಂದ್ರ ಹೋಗು ಅಂದಿದ್ದಿ.”

“ಅಂದಿದ್ದೆ. ಆಗ ಅದು ಗುಜರಿ ಆಗಿತ್ತು.”

ಸಾಹೇಬರು ಬಿಡಲಿಲ್ಲ. ಇಲ್ಲಿ ಸಾಮಾನಿಲ್ಲ, ಗಾಜು ಊದುವವರಿಲ್ಲ, ಒಂದು ಕೊಳವೆ ಒಡೆದರೆ ಎಲ್ಲ ಮುಗಿಯಿತು ಎಂದು ಹೇಳಿದರು. ಮಾವ ಕೇಳಿ ಕೇಳಿ, “ಹಿಂಗ ಬಾಯಲೆ ಮಾತಾಡಿದ್ರ ಮುಗ್ಯಾಂಗಿಲ್ಲ,” ಎಂದು ಹೆಗಲ ಮೇಲಿನ ವಸ್ತ್ರ ತೆಗೆದರು.

ಪೇಟೆಯಲ್ಲಿ ದೊಡ್ಡ ವ್ಯಾಪಾರ ಬಾಯಲ್ಲಿ ಆಗುತ್ತಿರಲಿಲ್ಲ. ವಸ್ತ್ರದ ಕೆಳಗೆ ಇಬ್ಬರೂ ಕೈ ಇಡುವುದು, ಬೆರಳು ಹಿಡಿದು ಲೆಕ್ಕ ಹೇಳುವುದು. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದರೆ ಐದು. ಒಪ್ಪಿಗೆಯಿಲ್ಲದವನು ಕೈ ಹಿಂದಕ್ಕೆ ಎಳೆದುಕೊಳ್ಳಬೇಕು. ಎಳೆದುಕೊಳ್ಳದಿದ್ದರೆ ಒಪ್ಪಿದಂತೆ.

“ಹಬ್ಬದ ದಿನಾ ವ್ಯಾಪಾರ ಮಾಡತೀರೇನು?” ಎಂದರು ಅತ್ತೆ.

“ತಕ್ಕಡಿ ಮುಟ್ಟಬಾರದು. ವಸ್ತ್ರಕ್ಕ ನೀ ಪೂಜಿ ಮಾಡಿಲ್ಲ.” ಮಾವ ಸಾಹೇಬರ ಕಡೆ ತಿರುಗಿದರು. “ಎಷ್ಟ ವರ್ಷಕ್ಕ ಬೇಕು ಹೇಳ್ರಿ.” ಎಂದು ವಸ್ತ್ರದ ಕೆಳಗೆ ಕೈ ಚಾಚಿ ಸಾಹೇಬರ ಒಂದು ಬೆರಳು ಹಿಡಿದರು. ಒಂದು ವರ್ಷ.

ಸಾಹೇಬರಿಗೆ ಏನು ಗೊತ್ತು? ಯಜಮಾನರು ಕೊನೆಗೂ ಒಪ್ಪಿ ಕೈ ಕೊಟ್ಟರು, ಈ ಊರಲ್ಲಿ ಬಟ್ಟೆ ಮುಚ್ಚಿ ಕೈ ಕುಲುಕುತ್ತಾರೆ ಎಂದುಕೊಂಡರು. ಮಾವನ ಇಡೀ ಅಂಗೈಯನ್ನು ಬಾಚಿ ಹಿಡಿದು ಖುಷಿಯಿಂದ ಮೇಲೆ ಕೆಳಗೆ ಕುಲುಕತೊಡಗಿದರು. ವಸ್ತ್ರ ಕುಣಿದು ಸರಿದು, ಕೈಗಳೆರಡೂ ಹೊರಗೆ ಕಂಡವು. ಮಾವನ ಕಣ್ಣು ಅಗಲವಾದವು. ಐದು! ಮಾವ ಕೈ ಎಳೆದರು. ಸಾಹೇಬರ ಹಿಡಿತ ಗಟ್ಟಿ. ಮತ್ತೆ ಎಳೆದರು. ಕುಲುಕಿ ಮುಗಿಯುವವರೆಗೆ ಸಾಹೇಬರು ಬಿಡಲಿಲ್ಲ.

ಕಿಟಕಿಯಿಂದ ಕೂಗು ಬಂತು: “ಮುಗೀತ್ರಿ ಸಾವಕಾರ್ರ! ಐದು ವರ್ಷ! ಕೈ ಹಿಂದಕ್ಕ ಬರಲಿಲ್ಲ, ನಾ ಸಾಕ್ಷಿ!” ಸಿದ್ರಾಮಪ್ಪ ಕಟ್ಟೆಯಿಂದ ಇಳಿದು ಒಳಗೇ ಬಂದುಬಿಟ್ಟ. “ಸ್ಟೇಶನ್ನಿಗೆ ಒಯ್ಯಾಕ ನನ್ನ ಚಕ್ಕಡಿ ಕೊಡತೇನಿ. ಇವತ್ತಾ ಒಯ್ಯತೀರೇನು?”

“ನಿಂಗ್ಯಾಕೋ ಇಷ್ಟ ಅವಸರ?” ಎಂದರು ಮಾವ.

“ಹುಡಗಾ ಮುಂದ ಬರಲಿ ಅಂತ್ರಿ!”

ಮಾವನಿಗೆ ಎಲ್ಲ ತಿಳಿಯಿತು. ಆದರೆ ಪೇಟೆಯ ಸಾಕ್ಷಿಯ ಎದುರು ವಸ್ತ್ರದ ಕೆಳಗಿನ ಮಾತಿನಿಂದ ಹಿಂದೆ ಸರಿದರೆ ಮರುದಿನದಿಂದ ಅವರ ಕೈ ಯಾರೂ ಹಿಡಿಯುವುದಿಲ್ಲ. ವಸ್ತ್ರ ಜಾಡಿಸಿ ಹೆಗಲ ಮೇಲೆ ಹಾಕಿಕೊಂಡರು. “ಐದು ಅಂದ್ರ ಐದು. ಒಯ್ರಿ,” ಎಂದರು. ಏನಾಯಿತು ಎಂದು ಸಾಹೇಬರಿಗೆ ಗಾಡಿ ಹತ್ತುವವರೆಗೂ ತಿಳಿಯಲಿಲ್ಲ. ಗಂಡ ಹೇಳಲೂ ಇಲ್ಲ.

ನನ್ನ ವಿಚಾರ ಯಾರಿಗೂ ನೆನಪಿರಲಿಲ್ಲ. ನೆನಪಿಸಿದ್ದು ಅತ್ತೆ. “ಐದು ವರ್ಷ ಅಂವಾ ಅಲ್ಲಿ, ಇಕಿ ಇಲ್ಲಿ ಆದ್ರ ನಾ ಮೊಮ್ಮಕ್ಕಳನ್ನ ಯಾವ ಯಂತ್ರದಾಗ ನೋಡ್ಲಿ? ಇಕಿನ್ನೂ ಒಯ್ಯಿ,” ಎಂದರು. ಅತ್ತೆ ನನಗೆ ಮಾಡಿದ ಉಪಕಾರ ಅದೊಂದೇ, ಆದರೆ ಸಣ್ಣದಲ್ಲ.

ಪುಣೆಯಲ್ಲಿ ಅವರು ಮಾಡಿದ ಮೊದಲ ಕೆಲಸ ಎಣ್ಣೆಯದೇ. ಪಂಪಿನ ಎಣ್ಣೆಯ ಹಬೆ ಹಿಂದಕ್ಕೆ ಹತ್ತಿ ಕೊಳವೆಗೆ ಬಂದರೆ ಯಂತ್ರ ಸುಳ್ಳು ಹೇಳುತ್ತದೆ. ಅದನ್ನು ತಡೆಯಲು ತೆಂಗಿನ ಚಿಪ್ಪಿನ ಇದ್ದಿಲು ತುಂಬಿದ ಡಬ್ಬಿಯೊಂದನ್ನು ಪಂಪಿಗೂ ಕೊಳವೆಗೂ ನಡುವೆ ಕೂರಿಸಿದರು. ಇದ್ದಿಲು ಎಣ್ಣೆಯನ್ನು ಹೀರಿ ಹಿಡಿದುಕೊಳ್ಳುತ್ತಿತ್ತು. ತುಂಬಿದಾಗ ಕಾಸಿದರೆ ಬಿಟ್ಟುಕೊಟ್ಟು ಮತ್ತೆ ಹೊಸದಾಗುತ್ತಿತ್ತು. ಸೀಸದ ಬಳೆಯ ಕೀಲನ್ನೂ ಸುಧಾರಿಸಿದರು. ಅಲ್ಲಿನ ಬೇರೆ ಯಂತ್ರಗಳಿಗೂ ಅದನ್ನೇ ಹಾಕತೊಡಗಿದರು. ಇದನ್ನೆಲ್ಲ ಜಗತ್ತಿನಲ್ಲಿ ಅವರೊಬ್ಬರೇ ಕಂಡುಹಿಡಿದರು ಎಂದು ನಾನು ಹೇಳುವುದಿಲ್ಲ. ಬೇರೆ ದೇಶಗಳಲ್ಲಿ ಬೇರೆಯವರೂ ಇಂಥದ್ದು ಮಾಡುತ್ತಿದ್ದರು ಎಂದು ಅವರೇ ಹೇಳುತ್ತಿದ್ದರು, ಸ್ವಲ್ಪ ಬೇಜಾರಿನಿಂದ. ಅತ್ತೆಗೆ ಮಾತ್ರ ಸಂಶಯವಿರಲಿಲ್ಲ. “ನಾ ಕುಸುಬಿ ಎಣ್ಣಿ ಹಾಕದಿದ್ರ ಅಂವಾ ಏನ ಕಂಡಹಿಡೀತಿದ್ದ?” ಎಂದು ಸಾಯುವವರೆಗೂ ಕೇಳುತ್ತಿದ್ದರು. ಅದು ಸುಳ್ಳೂ ಅಲ್ಲ.

ಅದೆಲ್ಲ ಆಮೇಲಿನ ಮಾತು. ಆ ವರ್ಷ ನನಗೆ ಮುಗಿದದ್ದು ಹೋಟಗಿ ಸ್ಟೇಶನ್ನಿನಲ್ಲಿ.

ಸಾಹೇಬರು ಮುಂದೆ ಹೋಗಿದ್ದರು, ಬನ್ನಿ ಮುಡಿದ ಮೇಲೆ ನಾವಿಬ್ಬರೂ ಹೊರಟೆವು. ವಿಜಾಪುರದಿಂದ ಸಣ್ಣ ಗಾಡಿ. ಹೋಟಗಿಯಲ್ಲಿ ಇಳಿದು ಪುಣೆಯ ದೊಡ್ಡ ಗಾಡಿ ಹತ್ತಬೇಕು. ಯಂತ್ರವನ್ನು ಹತ್ತಿಯಲ್ಲಿ ಸುತ್ತಿ, ಜೋಳದ ಒಣದಂಟಿನ ಕಣಿಕೆ ತುಂಬಿದ ಪೆಟ್ಟಿಗೆಯಲ್ಲಿಟ್ಟು ಗಾರ್ಡಿನ ಡಬ್ಬಿಗೆ ಹಾಕಿದ್ದರು. ನನ್ನನ್ನು ಹೆಂಗಸರ ಡಬ್ಬಿಗೆ ಹಾಕಿದ್ದರು. ನಾನು ಅದಕ್ಕೂ ಮೊದಲು ರೈಲು ಹತ್ತಿದವಳಲ್ಲ. ಹೋಟಗಿ ಬಂದಾಗ ಗಾಡಿ ಇನ್ನೂ ನಿಲ್ಲುವ ಮೊದಲೇ ಗಂಡ ಜಿಗಿದು ಓಡಿದ್ದನ್ನು ಕಿಟಕಿಯಿಂದ ನೋಡಿದೆ. ನನ್ನ ಡಬ್ಬಿಯ ಕಡೆಗಲ್ಲ, ಪೆಟ್ಟಿಗೆಯ ಕಡೆಗೆ.

ನಾನು ಟ್ರಂಕು, ರೊಟ್ಟಿಯ ಗಂಟು, ಹಾಸಿಗೆ ಇಳಿಸಿಕೊಂಡೆ. ಹೊತ್ತುಕೊಂಡು ಹಳಿ ದಾಟಿದೆ. ಎದುರಿಗೆ ಸಿಕ್ಕ ಹೆಂಗಸಿಗೆ “ಪುಣೆ?” ಎಂದೆ, ಆಕೆ ಮರಾಠಿಯಲ್ಲಿ ಬಹಳ ಹೇಳಿ ಕೊನೆಗೆ ಬೆರಳು ತೋರಿಸಿದಳು. ಒಂದು ಡಬ್ಬಿ ಹತ್ತಿ, ಒಬ್ಬ ದಪ್ಪ ಮನುಷ್ಯನನ್ನು ಸರಿಸಿ ನಾನು ಕೂತೆ. ಪಕ್ಕದಲ್ಲಿ ಟ್ರಂಕಿಟ್ಟು ಗಂಡನಿಗೂ ಜಾಗ ಹಿಡಿದೆ. ಯಾರೋ ಅದನ್ನು ತಳ್ಳಲು ಬಂದರು. ನಿಡೋಣಿಯ ಭಾಷೆಯಲ್ಲಿ ನಾಲ್ಕು ಮಾತು ಹೇಳಿದೆ, ಅವರಿಗೆ ಭಾಷೆ ಬರದಿದ್ದರೂ ಅರ್ಥವಾಯಿತು.

ಗಾಡಿ ಸೀಟಿ ಹೊಡೆಯಿತು. ಆಗ ನನ್ನ ಗಂಡ ಕಂಡರು. ಕೂದಲ ತುಂಬ ಕಣಿಕೆಯ ಚೂರು, ಟೊಪ್ಪಿಗೆ ಇಲ್ಲ. ಒಂದೊಂದು ಕಿಟಕಿಯಲ್ಲೂ ಮುಖ ಹಾಕಿ ನೋಡುತ್ತ, ಬಾಯಿ ಒಣಗಿಸಿಕೊಂಡು ಓಡಿ ಬರುತ್ತಿದ್ದರು. ನನ್ನ ಕಿಟಕಿಗೆ ಬಂದು ಕಂಬಿ ಹಿಡಿದು ನಿಂತರು. ಉಸಿರು ತೆಗೆದುಕೊಳ್ಳಲು ಹೊತ್ತಾಯಿತು.

“ಗಾಜು ಒಡದಿಲ್ಲ!” ಎಂದರು.

“ನಾನೂ ಒಡದಿಲ್ರಿ,” ಎಂದೆ. “ಒಳಗ ಹತ್ರಿ, ಗಾಡಿ ಬಿಡಾಕತ್ತೈತಿ.”